ಅಂಗಡಿಯಲ್ಲಿ ಸರಿಯಾಗುವ ಲೆಕ್ಕ ನೋಟ್‌ಬುಕ್ಕಿನಲ್ಲಿ ಏಕೆ ತಪ್ಪುತ್ತದೆ? ಕಥೆಯ ಮೂಲಕ ಗಣಿತ ಕಲಿಸಿದವರ ಅನುಭವ ಬೇಕಾಗಿದೆ

ಆರನೇ ತರಗತಿಯ ಶಿಕ್ಷಕಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ನನ್ನ ತರಗತಿಯ ಹುಡುಗಿಯೊಬ್ಬಳು ಸಂಜೆಯ ಹೊತ್ತು ತಾಯಿಯ ಜೊತೆ ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಾಳೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನು ಅವರ ಬಳಿಯೇ ಸೇವಂತಿಗೆ ಕೊಂಡೆ. ಮೊಳಕ್ಕೆ 40 ರೂಪಾಯಿಯಂತೆ ಮೂರೂವರೆ ಮೊಳ ಕೇಳಿದೆ. ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ಮೂರು ಸಲ ಅಳೆದಳು, ನಾಲ್ಕನೆಯ ಸಲ ಮುಂಗೈಯ ನಡುಭಾಗಕ್ಕೆ ಬಂದಾಗ ದಾರ ಕತ್ತರಿಸಿದಳು, ತಲೆ ಎತ್ತದೆಯೇ "ನೂರ ನಲವತ್ತು, ಮಿಸ್" ಎಂದಳು. ನಾನು ಕೊಟ್ಟ 200ರ ನೋಟಿಗೆ 60 ರೂಪಾಯಿ ಚಿಲ್ಲರೆಯನ್ನು ಎಣಿಸಿ ಕೊಟ್ಟದ್ದೂ ಅವಳೇ.

ಮುಂದಿನ ವಾರದ ಕಿರುಪರೀಕ್ಷೆಯಲ್ಲಿ 40 × 3½ ಎಂಬ ಲೆಕ್ಕವನ್ನು ಕೊಟ್ಟಿದ್ದೆ. ಅವಳು ಬರೆದ ಉತ್ತರ 120½.

ಅಂದಿನಿಂದ ಭಿನ್ನರಾಶಿಯ ಪ್ರತಿಯೊಂದು ಪಾಠವನ್ನೂ ಕಥೆಯಿಂದಲೋ ಸಂತೆಯಿಂದಲೋ ಆರಂಭಿಸುತ್ತಿದ್ದೇನೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಆದರೆ 40 ನಿಮಿಷದ ಅವಧಿಯಲ್ಲಿ ಅರ್ಧಭಾಗ ಕಥೆಗೇ ಹೋಗುತ್ತಿದೆ, ಪಾಠ ಮುಗಿಯುತ್ತಿಲ್ಲವೆಂದು ಪೋಷಕರು ಹೇಳತೊಡಗಿದ್ದಾರೆ. ಅದಕ್ಕಿಂತ ದೊಡ್ಡ ಚಿಂತೆಯೆಂದರೆ, ಕಥೆ ಮುಗಿದು ಕಪ್ಪುಹಲಗೆಯ ಮೇಲೆ ಬರಿಯ ಅಂಕಿಗಳು ಬಂದ ಕೂಡಲೇ ಅದೇ 120½ ಮರಳಿ ಬರುತ್ತದೆ. ಕಥೆಯಿಂದ ಅಂಕಿಗೆ ಮಕ್ಕಳನ್ನು ದಾಟಿಸುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಒಂದನೇ ತರಗತಿಯ ಮಗುವಿನ ತಾಯಿ, ಹೆಬ್ಬಾಳ

ಉತ್ತರ ನನಗೆ ತಿಳಿಯದು ಮೇಡಂ, ಆದರೆ ಕಥೆಯನ್ನು ಮಾತ್ರ ಬಿಡಬೇಡಿ. ನನ್ನ ಮಗ ಗಣಿತ ಎಂದರೆ ಅಳುತ್ತಿದ್ದವನು, ಈಗ ಇಡ್ಲಿ ತಟ್ಟೆಯ ಗುಳಿಗಳನ್ನು ತಾನಾಗಿ ನಾಲ್ಕು ನಾಲ್ಕಾಗಿ ಎಣಿಸುತ್ತಾನೆ.

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಲ್ಲೇಶ್ವರ

ಮೇಡಂ, ನಿಮ್ಮ ಪ್ರಶ್ನೆ ನನ್ನನ್ನು ಮೂವತ್ತು ವರ್ಷ ಕಾಡಿದ ಪ್ರಶ್ನೆ. ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ಲೆಕ್ಕದ ಮೇಲೆ ಕಥೆಯನ್ನು ಅಂಟಿಸುವುದು ಬೇರೆ, ಕಥೆಯೊಳಗೆ ಲೆಕ್ಕ ಹುಟ್ಟುವುದು ಬೇರೆ. ಪಠ್ಯಪುಸ್ತಕಗಳ ಕೊನೆಯಲ್ಲಿ ಬರುವ ಬಹುಪಾಲು ಹೇಳಿಕೆ ಲೆಕ್ಕಗಳು ಮೊದಲನೆಯ ಜಾತಿಯವು. ಅವುಗಳಲ್ಲಿ ಮಾವಿನಹಣ್ಣನ್ನು ತೆಗೆದು ಪೆನ್ಸಿಲ್ಲನ್ನು ಇಟ್ಟರೂ ಏನೂ ಬದಲಾಗುವುದಿಲ್ಲ, ಆದ್ದರಿಂದ ಮಕ್ಕಳು ಬೇಗನೆ ಕಥೆಯನ್ನು ಓದದೆ ಅಂಕಿಗಳನ್ನು ಮಾತ್ರ ಹೆಕ್ಕುವುದನ್ನು ಕಲಿಯುತ್ತಾರೆ.

ಇದಕ್ಕೆ ನಾವೇ ಕಾರಣರು. "ಒಟ್ಟು ಎಂದಿದ್ದರೆ ಕೂಡು, ಉಳಿದದ್ದು ಎಂದಿದ್ದರೆ ಕಳೆ" ಎಂದು ನಾನೂ ವರ್ಷಗಟ್ಟಲೆ ಹೇಳಿಕೊಟ್ಟೆ. ಒಂದು ದಿನ "ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ 8 ಮಂದಿ ಇಳಿದ ಮೇಲೆ 15 ಮಂದಿ ಉಳಿದರು, ಮೊದಲು ಎಷ್ಟು ಮಂದಿಯಿದ್ದರು?" ಎಂದು ಕೇಳಿದೆ. ಎಂಟನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು 7 ಎಂದರು. "ಉಳಿದರು" ಎಂಬ ಪದ ಕಂಡಿತು, ಕಳೆದರು, ಮುಗಿಯಿತು. ಹದಿನೈದು ಮಂದಿ ಇನ್ನೂ ಕುಳಿತಿರುವ ಬಸ್ಸಿನಲ್ಲಿ ಮೊದಲು ಏಳೇ ಮಂದಿ ಹೇಗಿದ್ದರು ಎಂದು ಒಬ್ಬರೂ ಕೇಳಲಿಲ್ಲ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರ ಸುಮಾರಿಗೆ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ, ಕಪ್ತಾನನ ವಯಸ್ಸೆಷ್ಟು? ಹೆಚ್ಚಿನ ಮಕ್ಕಳು 36 ಎಂದು ಉತ್ತರಿಸಿದರು. ನಾನು ಅದನ್ನೇ ನಮ್ಮ ಶಾಲೆಯಲ್ಲಿ ಲಾರಿ ಚಾಲಕನ ವಯಸ್ಸೆಂದು ಬದಲಿಸಿ ಕೇಳಿದೆ. ಫಲಿತಾಂಶವೂ ಹಾಗೆಯೇ ಬಂದಿತು. ಆ ಮಕ್ಕಳಲ್ಲಿ ಯಾರೂ ದಡ್ಡರಲ್ಲ. ಗಣಿತದ ಅವಧಿಯಲ್ಲಿ ಅರ್ಥವನ್ನು ಹುಡುಕಬಾರದು, ಉತ್ತರವನ್ನು ಹುಡುಕಬೇಕು ಎಂಬುದನ್ನು ಅವರು ನಮ್ಮಿಂದಲೇ ಕಲಿತಿದ್ದರು.

ಇಬ್ಬರು ಮಕ್ಕಳ ತಂದೆ, ವಿಜಯನಗರ

ಹಿರಿಯರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಮ್ಮ ತಂದೆಯವರು ಇಪ್ಪತ್ತರವರೆಗಿನ ಮಗ್ಗಿಯನ್ನಲ್ಲದೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಬಾಯಿಪಾಠ ಹೇಳುತ್ತಿದ್ದರು. ಕಿರಾಣಿ ಅಂಗಡಿಯಲ್ಲಿ ಅವರನ್ನು ಯಾರೂ ಮೋಸಗೊಳಿಸಲಾಗುತ್ತಿರಲಿಲ್ಲ. ಅವರಿಗೆ ಯಾರೂ ಕಥೆ ಹೇಳಿರಲಿಲ್ಲ. ಆ ಹೂವಿನ ಹುಡುಗಿಗೆ 140 ಬಂದದ್ದೂ ಕಥೆಯಿಂದಲ್ಲ, ದಿನಕ್ಕೆ ನೂರು ಸಲ ಅದೇ ಲೆಕ್ಕವನ್ನು ಮಾಡುವುದರಿಂದ. ಅಂದರೆ ಅಭ್ಯಾಸದಿಂದ. ನೋಟ್‌ಬುಕ್ಕಿನಲ್ಲಿಯೂ ಅವಳಿಗೆ ಅಷ್ಟೇ ಅಭ್ಯಾಸ ಕೊಟ್ಟರೆ ಸರಿಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಕಥೆ ಕೇಳುವುದಿಲ್ಲ.

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಲ್ಲೇಶ್ವರ

ಅಭ್ಯಾಸ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅರೆ ಮಗ್ಗಿ ಹುಟ್ಟಿದ್ದೇ ಅಂಗಡಿ ವ್ಯವಹಾರಕ್ಕಾಗಿ. ನಿಮ್ಮ ತಂದೆಯವರ ಬಾಯಲ್ಲಿದ್ದ ಪ್ರತಿಯೊಂದು ಸಾಲಿನ ಹಿಂದೆಯೂ ಬೇಳೆ, ಬೆಲ್ಲ, ಎಣ್ಣೆ ಇದ್ದವು. ಅರ್ಥವಿದ್ದ ಕಡೆ ಅಭ್ಯಾಸ ನಿಲ್ಲುತ್ತದೆ. ಅರ್ಥವಿಲ್ಲದೆ ನೂರು ಸಲ ಮಾಡಿಸಿದರೆ ಆ ಹುಡುಗಿ 120½ ಅನ್ನೇ ನೂರು ಸಲ ಬರೆಯುತ್ತಾಳೆ.

ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವನು, ಯಲಹಂಕ

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ, ಇದರ ಬಗ್ಗೆ ಗಟ್ಟಿಯಾದ ಅಧ್ಯಯನಗಳೂ ಇವೆ. ಬ್ರೆಜಿಲ್ಲಿನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ 9ರಿಂದ 15 ವರ್ಷದ ಐದು ಮಕ್ಕಳನ್ನು ಕುರಿತ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟು ಸರಿಯಾಗಿದ್ದವು. ಅವೇ ಅಂಕಿಗಳನ್ನು ಹೇಳಿಕೆ ಲೆಕ್ಕವಾಗಿ ಕೊಟ್ಟಾಗ 74, ಬರಿಯ ಅಂಕಿಗಳಾಗಿ ಕೊಟ್ಟಾಗ 37. ಒಂದು ಹುಡುಗ 35ರ ಬೆಲೆಯ ಹತ್ತು ತೆಂಗಿನಕಾಯಿಯ ಲೆಕ್ಕವನ್ನು "ಮೂರಕ್ಕೆ 105, ಇನ್ನು ಮೂರಕ್ಕೆ 210" ಎಂದು ಮೂರು ಮೂರಾಗಿ ಕೂಡುತ್ತಾ ಹೋಗಿ 350ಕ್ಕೆ ತಲುಪಿದನು. ಹತ್ತರಿಂದ ಗುಣಿಸಲು ಸೊನ್ನೆ ಹಚ್ಚಿದರೆ ಸಾಕು ಎಂಬ ಶಾಲೆಯ ದಾರಿಯನ್ನು ಅವನು ಬಳಸಲೇ ಇಲ್ಲ.

2025ರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಆ ಮಕ್ಕಳು ವ್ಯಾಪಾರದ ಕಠಿಣ ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡಿದರು, ಆದರೆ ಶಾಲೆಯ ರೂಪದಲ್ಲಿ ಬರೆದ ಸರಳ ಭಾಗಾಕಾರದಲ್ಲಿ ಎಡವಿದರು. ವಿಜಯನಗರದ ಸ್ನೇಹಿತರು ಗಮನಿಸಬೇಕಾದ ಭಾಗ ಮುಂದಿದೆ. ವ್ಯಾಪಾರ ಮಾಡದ ಶಾಲಾ ಮಕ್ಕಳು ಪುಸ್ತಕದ ಲೆಕ್ಕಗಳಲ್ಲಿ ಮುಂದಿದ್ದರೂ, ಮಾರುಕಟ್ಟೆಯ ಲೆಕ್ಕ ಎದುರಾದಾಗ ಹಿಂದೆ ಬಿದ್ದರು. ಸೇತುವೆ ಯಾವ ದಿಕ್ಕಿನಲ್ಲಿಯೂ ಇಲ್ಲ. ಕಥೆ ಹೇಳಿದ ಮಾತ್ರಕ್ಕೆ ಅದು ಕಟ್ಟಿಕೊಳ್ಳುವುದಿಲ್ಲ, ಅಭ್ಯಾಸ ಮಾಡಿಸಿದ ಮಾತ್ರಕ್ಕೂ ಇಲ್ಲ. ದಾಟಿಸುವುದೇ ಒಂದು ಪಾಠವಾಗಬೇಕು.

ಇಂಜಿನಿಯರ್, ಬನಶಂಕರಿ

ನಾನು ಭಾನುವಾರಗಳಲ್ಲಿ ನಮ್ಮ ಬಡಾವಣೆಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಬೀಜಗಣಿತಕ್ಕೆ ಆಟೋ ಮೀಟರಿಗಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಕನಿಷ್ಠ ದರ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಹೀಗಾಗಿ ದರ = 36 + 18 × ಕಿ.ಮೀ. ಎಂದು ಬರೆಸುತ್ತೇನೆ, ಸ್ಥಿರಪದ, ಅಂದರೆ ದೂರ ಬದಲಾದರೂ ಬದಲಾಗದ ಭಾಗ, ಎಂದರೇನೆಂದು ಮಕ್ಕಳಿಗೆ ಒಂದೇ ಏಟಿಗೆ ತಿಳಿಯುತ್ತದೆ.

ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ರಾಜಾಜಿನಗರ

ಉದಾಹರಣೆ ಒಳ್ಳೆಯದು, ಸಮೀಕರಣ ತಪ್ಪಾಗಿದೆ ಸರ್. 36 ರೂಪಾಯಿಯಲ್ಲಿ ಮೊದಲ 2 ಕಿಲೋಮೀಟರ್ ಸೇರಿದೆ. ನಿಮ್ಮ ಪ್ರಕಾರ 5 ಕಿಲೋಮೀಟರಿಗೆ 126 ರೂಪಾಯಿಯಾಗುತ್ತದೆ, ಮೀಟರ್ ತೋರಿಸುವುದು 90. ಸರಿಯಾದ ರೂಪ 36 + 18 × (ಕಿ.ಮೀ. − 2). ಇದನ್ನು ಬಿಡಿಸಿ ನೋಡಿ: 36ರಿಂದ 36 ಹೋಗಿ, 18 × ಕಿ.ಮೀ. ಮಾತ್ರ ಉಳಿಯುತ್ತದೆ. ಅಂದರೆ ಎರಡು ಕಿಲೋಮೀಟರ್ ದಾಟಿದ ಮೇಲೆ ಸ್ಥಿರಪದವೇ ಇಲ್ಲ. ನಕ್ಷೆ ಬರೆದರೆ ಆರಂಭದಲ್ಲಿ 36ರ ಎತ್ತರದಲ್ಲಿ ಅಡ್ಡಗೆರೆ, ಆಮೇಲೆ ಏರುಗೆರೆ. ಆ ಏರುಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಮೂಲಬಿಂದುವಿಗೇ ಬಂದು ಸೇರುತ್ತದೆ. ಅದಕ್ಕೂ ಹಿಂದಿನ 30 ಮತ್ತು 15ರ ದರವೂ ಹೀಗೆಯೇ ಇತ್ತು.

ನಿಮ್ಮ ಮಕ್ಕಳಿಗೆ ಮೊದಲು ತಪ್ಪು ಸಮೀಕರಣವನ್ನೇ ಕೊಟ್ಟು, ಮನೆಯವರ ಜೊತೆ ಆಟೋದಲ್ಲಿ ಹೋದಾಗ ಮೀಟರನ್ನು ನೋಡಿ ಬರಲು ಹೇಳಿ. ಪುಸ್ತಕವನ್ನು ರಸ್ತೆ ತಿದ್ದುವುದನ್ನು ಕಂಡ ಮಗು ಆವರಣ ಚಿಹ್ನೆ ಏಕೆ ಬೇಕೆಂಬುದನ್ನು ಎಂದೂ ಮರೆಯುವುದಿಲ್ಲ.

ಇಂಜಿನಿಯರ್, ಬನಶಂಕರಿ

ನೀವು ಹೇಳಿದ್ದು ಸಂಪೂರ್ಣ ಸರಿ, ತಿದ್ದಿದ್ದಕ್ಕೆ ಧನ್ಯವಾದಗಳು ಮೇಡಂ. ರಾತ್ರಿ 10ರಿಂದ ಬೆಳಗಿನ 5ರವರೆಗಿನ ಒಂದೂವರೆ ಪಟ್ಟು ದರವನ್ನೂ ಸೇರಿಸಿಕೊಂಡರೆ ಭಿನ್ನರಾಶಿಯ ಗುಣಾಕಾರವೂ ಬರುತ್ತದೆ: 90ಕ್ಕೆ 135.

ಗೃಹಿಣಿ, ಚಾಮರಾಜಪೇಟೆ

ನಾನು ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ, ಆದರೂ ಇದೊಂದನ್ನು ಹಂಚಿಕೊಳ್ಳಬೇಕೆನಿಸಿತು. ಧನುರ್ಮಾಸದಲ್ಲಿ ನಾನು ಬಾಗಿಲಿಗೆ ನೇರ ಚುಕ್ಕಿಯ ರಂಗೋಲಿ ಹಾಕುತ್ತಿದ್ದೆ. ನಡುವೆ 9 ಚುಕ್ಕಿ, ಮೇಲೂ ಕೆಳಗೂ 7, 5, 3, 1. ಒಟ್ಟು ಎಷ್ಟು ಚುಕ್ಕಿಯೆಂದು ಮೊಮ್ಮಗಳನ್ನು ಕೇಳಿದೆ. ಅವಳು ಒಂದೊಂದಾಗಿ ಎಣಿಸಿ 41 ಎಂದಳು. ಸ್ವಲ್ಪ ಹೊತ್ತು ಓರೆಯಾಗಿ ನಿಂತು ನೋಡಿದವಳು, "ಅಜ್ಜಿ, ಇದರಲ್ಲಿ ಎರಡು ಚೌಕಗಳಿವೆ" ಎಂದಳು. ಮೂಲೆಯಿಂದ ಓರೆಯಾಗಿ ಒಂದು ಬಿಟ್ಟು ಒಂದು ಸಾಲು ಹಿಡಿದರೆ ಐದೈದು ಚುಕ್ಕಿಯ ಐದು ಸಾಲು, ನಡುನಡುವೆ ಉಳಿದವು ನಾಲ್ಕು ನಾಲ್ಕರ ನಾಲ್ಕು ಸಾಲು. 25 ಮತ್ತು 16, ಒಟ್ಟು 41. ಅವಳು ಕೆಂಪು ಮತ್ತು ಹಳದಿ ಪುಡಿಯಿಂದ ಚುಕ್ಕಿಗಳಿಗೆ ಬಣ್ಣ ಹಚ್ಚಿ ತೋರಿಸುವವರೆಗೆ ನನಗೆ ಅದು ಕಂಡಿರಲಿಲ್ಲ. ಐವತ್ತು ವರ್ಷ ಆ ಚುಕ್ಕಿಗಳನ್ನು ಇಟ್ಟಿದ್ದೇನೆ.

ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ, ರಾಜಾಜಿನಗರ

ಅಮ್ಮಾ, ನಿಮ್ಮ ಮೊಮ್ಮಗಳಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ. 7ರಿಂದ 1ರವರೆಗಿನ ರಂಗೋಲಿಯಲ್ಲಿ 16 ಮತ್ತು 9 ಸೇರಿ 25 ಬರುತ್ತದೆ, ಅದನ್ನೂ ಬಣ್ಣ ಹಚ್ಚಿ ನೋಡಲು ಹೇಳಿ.

ಸಂಸ್ಕೃತ ಮತ್ತು ಗಣಿತದ ಆಸಕ್ತ, ಶೇಷಾದ್ರಿಪುರಂ

ಕಥೆಯ ಮೂಲಕ ಗಣಿತ ಎಂಬುದು ಹೊಸ ಪ್ರಯೋಗವೆಂಬಂತೆ ಚರ್ಚೆ ನಡೆಯುತ್ತಿದೆ, ಅದು ನಮ್ಮ ನೆಲದಲ್ಲಿಯೇ ಬೆಳೆದ ಕ್ರಮ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಆರಂಭದಲ್ಲಿಯೇ ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು ಎಲ್ಲದಕ್ಕೂ ಗಣಿತ ಬೇಕೆಂಬ ಮಾತಿದೆ. 12ನೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ದುಂಬಿಗಳ ಲೆಕ್ಕವನ್ನು ಕೇಳುತ್ತಾನೆ: ಹಿಂಡಿನ ಐದನೇ ಒಂದು ಭಾಗ ಕದಂಬಕ್ಕೆ, ಮೂರನೇ ಒಂದು ಭಾಗ ಶಿಲೀಂಧ್ರವೆಂಬ ಹೂವಿಗೆ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹೋದವು, ಒಂದು ದುಂಬಿ ಆಕಾಶದಲ್ಲಿಯೇ ಸುತ್ತುತ್ತಿದೆ. ಉತ್ತರ 15. ಮಗಳಾದ ಲೀಲಾವತಿಯ ದುಃಖವನ್ನು ಮರೆಸಲು ತಂದೆ ಹೇಳಿದ ಲೆಕ್ಕಗಳಿವು.

ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಲ್ಲೇಶ್ವರ

ಕೊನೆಯ ವಾಕ್ಯಕ್ಕೆ ಮಾತ್ರ ಒಂದು ತಿದ್ದುಪಡಿ. ಮಗಳ ಮದುವೆ ತಪ್ಪಿದ ಆ ಕಥೆ ಭಾಸ್ಕರಾಚಾರ್ಯನ ಗ್ರಂಥದಲ್ಲಿಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪರ್ಷಿಯನ್ ಅನುವಾದದ ಮೂಲಕ ಅದು ಪ್ರಚಾರಕ್ಕೆ ಬಂದಿತು. ತರಗತಿಯಲ್ಲಿ ಹೇಳುವುದಾದರೆ ಕಥೆಯೆಂದೇ ಹೇಳೋಣ.

ಇನ್ನೊಂದು ಮಾತು. ದುಂಬಿಗಳ ಲೆಕ್ಕ ನಿಜಜೀವನದ್ದಲ್ಲ. ಯಾವ ದುಂಬಿಯೂ ಭಾಗ ಹಾಕಿಕೊಂಡು ಹಾರುವುದಿಲ್ಲ. ಅದರ ಸೊಗಸು ಇರುವುದು ಕಲ್ಪನೆಯಲ್ಲಿ, ಒಂಟಿಯಾಗಿ ಉಳಿದ ಆ ಒಂದು ದುಂಬಿಯಲ್ಲಿ. ಹದಿನೈದನೇ ಹದಿನಾಲ್ಕು ಭಾಗ ಹೋಯಿತು, ಉಳಿದ ಒಂದು ಭಾಗವೇ ಆ ಒಂದು ದುಂಬಿ ಎಂಬುದು ಹೊಳೆದಾಗ ಮಕ್ಕಳಿಗೆ ಸಮೀಕರಣವೇ ಬೇಕಾಗುವುದಿಲ್ಲ. ಹೂವಿನಂಗಡಿಯ ಲೆಕ್ಕದ ಬಲ ಬೇರೆ, ಅಲ್ಲಿ ಉತ್ತರ ತಪ್ಪಾದರೆ ಕೈಯಿಂದ ದುಡ್ಡು ಹೋಗುತ್ತದೆ. ಎರಡೂ ಬೇಕು, ಆದರೆ ಎರಡನ್ನೂ ಒಂದೇ ಎಂದು ಭಾವಿಸಿದರೆ ಗೊಂದಲವಾಗುತ್ತದೆ.

ಏಳನೇ ತರಗತಿಯ ಶಿಕ್ಷಕ, ಕೆಂಗೇರಿ

ಕಥೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಮಾತನಾಡೋಣ. ಋಣ ಸಂಖ್ಯೆಯ ಹೆಸರಿನಲ್ಲಿಯೇ ಸಾಲದ ಕಥೆಯಿದೆ. ಬ್ರಹ್ಮಗುಪ್ತನು 628ರಲ್ಲಿ ಧನ, ಋಣ ಎಂಬ ಪದಗಳಲ್ಲಿಯೇ ನಿಯಮಗಳನ್ನು ಹೇಳಿದ್ದಾನೆ. ಕೂಡುವುದಕ್ಕೆ ಆ ಕಥೆ ಚೆನ್ನಾಗಿ ಒದಗುತ್ತದೆ: ಕೈಯಲ್ಲಿ 5 ರೂಪಾಯಿ, ಸಾಲ 8 ರೂಪಾಯಿ, ಆದ್ದರಿಂದ −3. ಗುಣಾಕಾರಕ್ಕೆ ಬಂದಾಗ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿ ಹೇಗೆ ಬರುತ್ತದೆ?" ಎಂದನು. ನನ್ನ ಬಳಿ ಉತ್ತರವಿರಲಿಲ್ಲ. ಆ ದಿನ ನಿಯಮವನ್ನು ಬರೆಸಿ ಮುಂದೆ ಹೋದದ್ದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ.

ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವನು, ಯಲಹಂಕ

ಆ ಹುಡುಗನ ಪ್ರಶ್ನೆ ಬಹಳ ಒಳ್ಳೆಯದು. ಎರಡೂ ಸಂಖ್ಯೆಗಳು ಸಾಲವಲ್ಲ ಎಂಬುದರಿಂದ ಆರಂಭಿಸಬಹುದು. ಒಂದು ಸಾಲ, ಇನ್ನೊಂದು ಅದನ್ನು ಎಷ್ಟು ಸಲ ತೆಗೆದುಹಾಕಿದೆವು ಎಂಬ ಎಣಿಕೆ. ಎರಡೆರಡು ರೂಪಾಯಿಯ ಮೂರು ಸಾಲಗಳು ಮನ್ನಾ ಆದರೆ ನಾನು 6 ರೂಪಾಯಿಯಷ್ಟು ಮೇಲೆ ಬಂದೆ. ಇದಾದ ಮೇಲೆ ಕಥೆಯನ್ನು ಬದಿಗಿಟ್ಟು ಸಾಲಾಗಿ ಬರೆಯಿಸಿ: 2 × (−2) = −4, 1 × (−2) = −2, 0 × (−2) = 0. ಪ್ರತಿ ಹೆಜ್ಜೆಗೂ 2 ಏರುತ್ತಿದೆ. ಮುಂದಿನ ಹೆಜ್ಜೆ (−1) × (−2), ಅದು ಏನಾಗಬೇಕೆಂದು ಮಕ್ಕಳೇ ಹೇಳುತ್ತಾರೆ.

ಖಾಸಗಿ ಶಾಲೆಯ ಶಿಕ್ಷಕಿ, ವೈಟ್‌ಫೀಲ್ಡ್

ಯಾರ ನಿಜಜೀವನ ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ನನ್ನ ತರಗತಿಯ ಬಹಳಷ್ಟು ಮಕ್ಕಳು ಮೊಳ, ಪಾವು, ಸೇರುಗಳನ್ನು ಕೇಳಿಯೇ ಇಲ್ಲ. ತರಕಾರಿ ಮೊಬೈಲಿನಲ್ಲಿ ಬರುತ್ತದೆ, "ಕಾಲು ಕೆಜಿ" ಎಂಬ ಮಾತೇ ಮನೆಯಲ್ಲಿ ಇಲ್ಲ, 250 ಗ್ರಾಂ ಇದೆ. ಮನೆಯಲ್ಲಿ ತೆಲುಗು, ತಮಿಳು, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಹೇಳಿಕೆ ಲೆಕ್ಕದಲ್ಲಿ ಅವರು ತಪ್ಪುವುದು ಗಣಿತದಲ್ಲೋ ಭಾಷೆಯಲ್ಲೋ ಎಂದು ತಿಳಿಯಲು ನಾನು ಮೊದಲು ಅದೇ ಕಥೆಯನ್ನು ಅವರ ಮನೆಮಾತಿನಲ್ಲಿ ಹೇಳಿಸುತ್ತೇನೆ. ಬಹಳ ಸಲ ತಪ್ಪು ಅಲ್ಲಿಯೇ ಕರಗಿಹೋಗುತ್ತದೆ.

ಇನ್ನೊಂದನ್ನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ಹಿಂದೆ ಬೇರೊಂದು ಶಾಲೆಯಲ್ಲಿದ್ದಾಗ, ಇಸ್ತ್ರಿ ಅಂಗಡಿಯವರ ಮಗನನ್ನು ಎಲ್ಲರೆದುರು ನಿಲ್ಲಿಸಿ "ನಿಮ್ಮ ಅಪ್ಪ ಒಂದು ಬಟ್ಟೆಗೆ ಎಷ್ಟು ತೆಗೆದುಕೊಳ್ಳುತ್ತಾರೆ, ಹೇಳು" ಎಂದೆ. ಅವನ ಅನುಭವಕ್ಕೆ ಗೌರವ ಕೊಡುತ್ತಿದ್ದೇನೆಂದೇ ನಾನು ನಂಬಿದ್ದೆ. ಅವನು ತಲೆ ತಗ್ಗಿಸಿದನು, ಆ ವರ್ಷವಿಡೀ ನನ್ನ ಅವಧಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ. ಬಸವನಗುಡಿಯ ಮೇಡಂ, ಆ ಹುಡುಗಿಯ ಅಂಗಡಿಯನ್ನು ತರಗತಿಗೆ ತರುವ ಮುನ್ನ ದಯವಿಟ್ಟು ಅವಳನ್ನು ಕೇಳಿ.

ಇಬ್ಬರು ಮಕ್ಕಳ ತಂದೆ, ವಿಜಯನಗರ

ಈ ಮಾತು ನನ್ನನ್ನು ತಟ್ಟಿತು. ನಮ್ಮ ತಂದೆಯವರದು ಕ್ಷೌರದ ಅಂಗಡಿ. ಶಾಲೆಯಲ್ಲಿ ನಾನು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಸರ್ಕಾರಿ ಶಾಲೆಯ ಶಿಕ್ಷಕಿ, ಆನೇಕಲ್

ಸಾಧನಗಳ ವಿಷಯ ಯಾರೂ ಹೇಳಲಿಲ್ಲ. ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗೆ ಬಂದ ಪೆಟ್ಟಿಗೆಯನ್ನು ತೆರೆಯಿರಿ, ಭಿನ್ನರಾಶಿ ಪಟ್ಟಿಗಳು ಅದರಲ್ಲಿಯೇ ಇವೆ. ಕಥೆಗೂ ಅಂಕಿಗೂ ನಡುವೆ ಕೈಯಲ್ಲಿ ಹಿಡಿಯುವ ಒಂದು ವಸ್ತುವೋ ಬರೆಯುವ ಒಂದು ಚಿತ್ರವೋ ಇರಬೇಕು. ಕಥೆಯಿಂದ ನೇರವಾಗಿ ಚಿಹ್ನೆಗೆ ಹಾರಿಸಿದರೆ ಮಕ್ಕಳು ನಡುವೆ ಬೀಳುತ್ತಾರೆ. ಕ್ಷೇತ್ರಫಲ ಕಲಿಸುವಾಗ ನಾನು ಆಟದ ಮೈದಾನದಲ್ಲಿ 30 × 40 ಅಡಿಯ ಸೈಟನ್ನು ಸುಣ್ಣದಿಂದ ಗುರುತು ಮಾಡಿಸುತ್ತೇನೆ. ಉದ್ದ ಅಗಲ ಎರಡನ್ನೂ ಎರಡು ಪಟ್ಟು ಮಾಡಿದರೆ ಎಷ್ಟು ಸೈಟು ಎಂದಾಗ ಎಲ್ಲರೂ ಎರಡು ಎನ್ನುತ್ತಾರೆ. ಗೆರೆ ಎಳೆದು ಒಳಗೆ ನಿಂತು ನೋಡಿದ ಮೇಲೆ ನಾಲ್ಕು.

ಆರನೇ ತರಗತಿಯ ಶಿಕ್ಷಕಿ, ಬಸವನಗುಡಿ

ಇಷ್ಟು ಮಂದಿ ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ವೈಟ್‌ಫೀಲ್ಡಿನ ಮೇಡಂ ಹೇಳಿದಂತೆ, ನಿನ್ನೆ ಊಟದ ಬಿಡುವಿನಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದೆ. ಅಂಗಡಿಯ ಲೆಕ್ಕವನ್ನು ತರಗತಿಯಲ್ಲಿ ಬಳಸಬಹುದೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನನ್ನ ಹೆಸರು ಹೇಳಬೇಡಿ ಮಿಸ್, ಲೆಕ್ಕ ಹೇಳಿ" ಎಂದಳು.

ಬಳಿಕ ಆ ದಿನ 140 ಹೇಗೆ ಬಂದಿತೆಂದು ಕೇಳಿದೆ. "ಮೂರಕ್ಕೆ ನೂರಿಪ್ಪತ್ತು, ಅರ್ಧಕ್ಕೆ ಇಪ್ಪತ್ತು" ಎಂದಳು. ಆನೇಕಲ್ಲಿನ ಮೇಡಂ ಹೇಳಿದ ಹಾಗೆ ಕಾಗದದ ಪಟ್ಟಿಗಳನ್ನು ಇಟ್ಟೆವು. ಮೂರು ಪೂರ್ಣ ಪಟ್ಟಿಗಳ ಮೇಲೆ ಅವಳು 40, 40, 40 ಎಂದು ಬರೆದಳು, ಅರ್ಧ ಪಟ್ಟಿಯ ಮೇಲೆ 20. ಅದರ ಕೆಳಗೆ ಅವಳಿಂದಲೇ 40 × 3½ ಎಂದು ಬರೆಯಿಸಿ, ಪರೀಕ್ಷೆಯ ಹಾಳೆಯನ್ನು ಪಕ್ಕದಲ್ಲಿ ಇಟ್ಟೆ. "ಇಲ್ಲಿ ನೀನು ಬರೆದ ½ ಯಾವುದರ ಅರ್ಧ?" ಎಂದು ಮಾತ್ರ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದು ರೂಪಾಯಿಯ ಅರ್ಧ ಆಗಿಬಿಟ್ಟಿದೆ ಮಿಸ್, ಮೊಳದ ಅರ್ಧ ಆಗಬೇಕಿತ್ತು" ಎಂದಳು.

ಇಷ್ಟು ವರ್ಷ ಆ ತಪ್ಪನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆನೇ ಹೊರತು, ಅದು ಏನು ತಪ್ಪೆಂದು ಇಷ್ಟು ಸ್ಪಷ್ಟವಾಗಿ ನನಗೇ ತಿಳಿದಿರಲಿಲ್ಲ. ಇಂದು ತರಗತಿಯಲ್ಲಿ ಪಟ್ಟಿಗಳನ್ನು ಹಂಚಿ, ಹೆಸರು ಹೇಳದೆ, ಅದೇ ಪ್ರಶ್ನೆಯಿಂದ ಆರಂಭಿಸಿದೆ. ಕಥೆಗೆ ಹಿಡಿದದ್ದು ಐದು ನಿಮಿಷ. ಮುಂದಿನ ವಾರ ಭಿನ್ನರಾಶಿಯ ಭಾಗಾಕಾರವಿದೆ. ½ ÷ ¼ ಎಂಬುದರ ಉತ್ತರ ½ಕ್ಕಿಂತ ದೊಡ್ಡದಾಗುತ್ತದೆ ಎಂಬುದನ್ನು ಮಕ್ಕಳು ನಂಬುವುದೇ ಇಲ್ಲ. ಅದಕ್ಕೆ ಏನು ಮಾಡಲಿ?

ಗೃಹಿಣಿ, ಚಾಮರಾಜಪೇಟೆ

ಅದಕ್ಕೇನಂತೆ, ಪಾವು ಎಂದರೆ ಕಾಲು ಸೇರು, ಅಚ್ಚೇರು ಎಂದರೆ ಅರ್ಧ ಸೇರು. ಅಚ್ಚೇರಿಗೆ ಪಾವಿನಿಂದ ಅಕ್ಕಿ ತುಂಬಿಸಿ, ಎರಡು ಸಲ ಹಿಡಿಯುತ್ತದೆ. ನನ್ನ ಅತ್ತೆಯವರ ಕಾಲದ ಹಿತ್ತಾಳೆಯ ಸೇರು, ಅಚ್ಚೇರು, ಪಾವು ಮೂರೂ ಅಟ್ಟದ ಮೇಲಿವೆ. ಹುಣಸೆಹಣ್ಣು ಹಾಕಿ ಬೆಳಗಿ ಇಟ್ಟಿರುತ್ತೇನೆ. ಚಾಮರಾಜಪೇಟೆಯಿಂದ ಬಸವನಗುಡಿ ದೂರವೇನಲ್ಲ, ಸೋಮವಾರ ಬೆಳಿಗ್ಗೆ ಶಾಲೆಗೆ ತಂದುಕೊಡಲೇ?

ಆರನೇ ತರಗತಿಯ ಶಿಕ್ಷಕಿ, ಬಸವನಗುಡಿ

ಖಂಡಿತ ಬನ್ನಿ ಅಮ್ಮಾ, ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ. ಅಕ್ಕಿಯನ್ನು ನಾನು ತರುತ್ತೇನೆ.